ನವಣೆ ಉಪ್ಪಿಟ್ಟು ಯಾರಿಗೆ?

ಸ್ನೇಹಿತರೇ, ಇವತ್ತು ಹತ್ತೂವರೆಗೆ ಹೊಸ ಮಾವಿನಕಾಯಿ ತುರಿದು ಹಾಕಿ ನವಣೆ ಉಪ್ಪಿಟ್ಟು ಮಾಡುತ್ತಿದ್ದೆ. ಪಕ್ಕದ ಮನೆಯ ಲಿಲ್ಲಿ ಬಾಯಿ ಅಡುಗೆಮನೆಗೆ ಬಂದವರೇ ಬಾಣಲೆಗೆ ಇಣುಕಿದರು.

"ಎಂತ, ನವಣೆಯಾ? ಮನೆಯಲ್ಲಿ ಯಾರಿಗೆ ಶುಗರ್ ಮಾರಾಯ್ತಿ?"

"ಯಾರಿಗೂ ಇಲ್ಲ ಬಾಯಿ. ನನಗೇ ಮನಸ್ಸು ಸರಿ ಇಲ್ಲ. ರಜೆಯ ದಿನ ನಿಧಾನಕ್ಕೆ ಅಡುಗೆ ಮಾಡಿ, ಕೂತು ತಿನ್ನಿ ಅಂತ ಡಾಕ್ಟರ್ ಹೇಳಿದ್ದಾರೆ."

ನಾಲ್ಕು ತಿಂಗಳಿಂದ ಯಾರಿಗೂ ಹೇಳದ ಮಾತು ನನ್ನ ಬಾಯಿಂದ ಜಾರಿತ್ತು.

ಅವರು ಕುರ್ಚಿ ಎಳೆದು ಕುಳಿತರು. "ನಾನೂ ಎರಡು ವರ್ಷ ಅದಕ್ಕೇ ಮಾತ್ರೆ ತಗೊಂಡಿದ್ದೇನೆ. ಮನೆಯಲ್ಲಿ ಗ್ಯಾಸ್ಟ್ರಿಕ್‌ಗೆ ಅಂತ ಹೇಳಿದ್ದು."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎರಡು ಸಲ ಹಾಕಿಸಿಕೊಂಡು ತಿಂದ ಮೇಲೆ ಲಿಲ್ಲಿ ಬಾಯಿ ತೀರ್ಪು ಕೊಟ್ಟರು: "ಮನಸ್ಸಿಗೆ ಒಳ್ಳೇದುಂಟು. ನಾಲಿಗೆಗೂ ಒಳ್ಳೇದಾಗ್ಬೇಕಾದ್ರೆ ಸ್ವಲ್ಪ ತೆಂಗಿನಕಾಯಿ ಹಾಕು."