ಹಿತ್ತಲಿಗೆ ಎಳೆದ ನೀಲಿ ಕೇಬಲ್

ಮಧ್ಯಾಹ್ನ ಮೂರಕ್ಕೆ ಐದು ನಿಮಿಷ ಇತ್ತು. ನಾನು ಚನ್ನಪಟ್ಟಣದ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿಗೂ ಚಿಕ್ಕಪ್ಪನ ಶೆಡ್ಡಿನ ಬಾಗಿಲಿಗೂ ನಡುವೆ ನಿಂತಿದ್ದೆ. ನಮ್ಮ ಬೀದಿಗೆ ಬ್ರಾಡ್‌ಬ್ಯಾಂಡ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾನು ನಿಂತಲ್ಲಿಂದ ಶೆಡ್ಡಿನ ಒಳಗು ಪೂರ್ತಿ ಕಾಣುತ್ತಿತ್ತು. ಮನೆಯ ಕಡೆ ನಡುಮನೆಯ ಕಂಪ್ಯೂಟರಿನ ಬೆಳಕು ಮಾತ್ರ ಕಾಣುತ್ತಿತ್ತು. ಅದರ ಚಿತ್ರ ಅಷ್ಟು ದೂರಕ್ಕೆ ಕಾಣದು. ಶೆಡ್ಡಿನ ಕ್ಯಾಮೆರಾದಿಂದ ಅಲ್ಲಿಗೆ ಚಿತ್ರ ಸರಿಯಾಗಿ ಬರುತ್ತಿದೆಯೇ ಎಂದು ನೋಡುವ ಕೆಲಸ ಚಿಕ್ಕಮ್ಮನದಾಗಿತ್ತು.

ಚಿಕ್ಕಪ್ಪ ಲೇತಿನಲ್ಲಿ ಮರ ತಿರುಗಿಸಿ, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುವವರು. ನಾಲ್ಕು ಗಂಟೆಗೆ ಪರದೇಶದ ಅಂಗಡಿಯವಳೊಬ್ಬಳು ಕ್ಯಾಮೆರಾದಲ್ಲಿ ಅವರ ಕೆಲಸ ನೋಡುವವಳಿದ್ದಳು. ಕೈಕೆಲಸ ಎಂದು ಹೇಳಿ ಯಾರೋ ಅವಳಿಗೆ ಮೆಷಿನ್ನಿನ ಮಾಲು ಕಳಿಸಿದ್ದರಂತೆ. ಕಣ್ಣಾರೆ ಕಾಣದೆ ಒಪ್ಪಲಾರೆ ಅಂದಿದ್ದಳು. ಅವಳು ಒಪ್ಪದಿದ್ದರೆ ಚಿಕ್ಕಪ್ಪ ಲೇತಿಗೆ ಗೋಣಿ ಹೊದಿಸಿ, ಸೋಮವಾರ ಬಿಡದಿ ಕಡೆಯ ಹೊಸ ಫ್ಯಾಕ್ಟರಿಯ ಗೇಟಿನಲ್ಲಿ ಕಾವಲಿಗೆ ನಿಲ್ಲಬೇಕಿತ್ತು. ಹಾಗೆಂದು ಮಾತು ಕೊಟ್ಟೂ ಆಗಿತ್ತು.

ಫೋನ್ ಲೈನು, ಮೋಡೆಮ್ಮು ನಡುಮನೆಯಲ್ಲಿ. ಶೆಡ್ಡಿಗೆ ನನ್ನ ಹಳೆಯ ಕಂಪ್ಯೂಟರ್ ಹೊತ್ತು ತಂದು, ಎರಡರ ನಡುವೆ ಗೋಡೆಗುಂಟ ನೀಲಿ ಕೇಬಲ್ ಎಳೆದಿದ್ದೆ. ಲೇತಿನ ಕರೆಂಟ್ ವೈರು ಹೋದ ದಾರಿಯೇ ಸುಲಭ ಎಂದು ಅದರ ಜೊತೆಗೇ ಕಟ್ಟಿದ್ದೆ. ಕೇಬಲ್ಲಿನೊಳಗೆ ಎಂಟು ಸಣ್ಣ ತಂತಿ. ಅವನ್ನು ಬಣ್ಣದ ಪ್ರಕಾರ ಸಾಲಾಗಿಸಿ ಪ್ಲಾಸ್ಟಿಕ್ ಪಿನ್ನಿಗೆ ತೂರಿಸಬೇಕು. ಪಿನ್ನಿನ ಜೊತೆ ಬಂದ ಚೀಟಿಯಲ್ಲಿದ್ದ ಬಣ್ಣದ ಸಾಲನ್ನು ನೋಡಿ ಚಿಕ್ಕಪ್ಪ ಮೂಗು ಮುರಿದಿದ್ದರು.

"ಏನ್ಲಾ ಇದು, ಕಿತ್ತಳೆ ಆದ್ಮೇಕೆ ಹಸ್ರು ಗೀಟು, ಅದ್ರ ಪಕ್ಕ ನೀಲಿ? ಇಂಗೆ ಬಣ್ಣ ಹಚ್ಚಿ ಮಗು ಕೈಗೆ ಕೊಟ್ರೆ ಬಿಸಾಕ್ತದೆ. ಇಲ್ಲಿ ಕೊಡು."

ಬಣ್ಣದ ಗೀಟಿದ್ದ ಬಿಳಿ ತಂತಿ ನಾಲ್ಕನ್ನು ಒಂದು ಕಡೆ, ಗಟ್ಟಿ ಬಣ್ಣ ನಾಲ್ಕನ್ನು ಇನ್ನೊಂದು ಕಡೆ ಜೋಡಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಎರಡು ತುದಿಯಲ್ಲೂ ಒಂದೇ ಸಾಲಿದ್ದರೆ ಸಾಕು ಎಂದು ಹೇಳಿದವನು ನಾನು. ಬೆಳಗ್ಗೆ ಚಿತ್ರವೂ ಬಂದಿತ್ತು.

ಮೂರಕ್ಕೆ ಚಿಕ್ಕಪ್ಪ ಲೇತ್ ಹಾಕಿದರು.

"ಹೋಯ್ತು!" ಒಳಗಿಂದ ಚಿಕ್ಕಮ್ಮ.

ನಿಲ್ಲಿಸಿದರು. "ಬಂತು!" ಮತ್ತೆ ಹಾಕಿದರು. "ಹೋಯ್ತು! ನಿಮ್ ಮುಖ ಚೌಕ ಚೌಕ ಆಗೋಯ್ತು ಕಣ್ರೀ, ಮೈಸೂರ್ ಪಾಕ್ ಕುಯ್ದಂಗೆ!"

ಎದುರುಮನೆಯ ಟೈಲರ್ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದು ನಿಂತರು. "ಲೇತ್ ನಿಲ್ಸ್ಕೊಂಡೇ ಗೊಂಬೆ ಮಾಡ್ಲಾ," ಎಂದು ಚಿಕ್ಕಪ್ಪನನ್ನು ರೇಗಿಸಿದರು.

ನಾನು ಮೊದಲು ಕೇಬಲ್ಲನ್ನು ಕರೆಂಟ್ ವೈರಿನಿಂದ ಬಿಡಿಸಿ ಬಟ್ಟೆ ಹಗ್ಗಕ್ಕೆ ನೇತುಹಾಕಿದೆ. ಒಸಿ ವಾಸಿ ಅಂದರು ಚಿಕ್ಕಮ್ಮ, ಅಷ್ಟೇ. ಮೂರು ಇಪ್ಪತ್ತಾಗಿತ್ತು. ಚಿಕ್ಕಪ್ಪ ನೆಲದಲ್ಲಿ ಬಿದ್ದಿದ್ದ ಕೇಬಲ್ ತುಂಡನ್ನು ಎತ್ತಿಕೊಂಡು ಅರಗು ಸೀಳುವ ಚಾಕುವಿನಿಂದ ಉದ್ದಕ್ಕೂ ಸಿಪ್ಪೆ ಬಿಚ್ಚಿದರು. ಬಹಳ ಹೊತ್ತು ನೋಡಿದರು.

"ನೋಡ್ಲಾ ಇಲ್ಲಿ. ಪ್ರತಿ ಬಣ್ಣಕ್ಕೂ ಅದ್ರದೇ ಬಿಳೀನ ಸುತ್ತವ್ನೆ, ಈ ತುದಿಯಿಂದ ಆ ತುದಿಗಂಟ. ಮಾಡ್ದೋನು ಸುಮ್ಕೆ ಸುತ್ತವ್ನಾ? ನಾವು ಜೋಡಿ ಮುರಿದ್ಬುಟ್ಟಿದೀವಿ."

ಚೀಟಿಯ ಸಾಲು ಯಾಕೆ ಹಾಗಿದೆ ಎಂದು ನನಗೆ ಆಗ ತಿಳಿಯಿತು. ಲೇತಿನ ಮೋಟರು ಕೇಬಲ್ಲಿನಲ್ಲಿ ಎಬ್ಬಿಸುವ ಗಲಾಟೆಯನ್ನು ತಡೆಯುವುದು ಆ ಸುತ್ತೇ. ಒಂದು ಸಂದೇಶ ಒಂದೇ ಜೋಡಿಯಲ್ಲಿ ಹೋಗಿ ಬರಬೇಕು. ಒಮ್ಮೆ ಒತ್ತಿದ ಪಿನ್ನು ಮತ್ತೆ ಬಳಕೆಗೆ ಬಾರದು, ಉಳಿದಿದ್ದ ಹೊಸ ಪಿನ್ನು ಎರಡೇ. ಕೆಟ್ಟರೆ ರಾಮನಗರಕ್ಕೆ ಬಸ್ಸು ಹತ್ತಬೇಕು, ಅಷ್ಟು ಹೊತ್ತಿರಲಿಲ್ಲ. ನಾನು ಚೀಟಿ ಓದಿದೆ, ಚಿಕ್ಕಪ್ಪ ಜೋಡಿಸಿದರು. ಒತ್ತುವ ಇಕ್ಕಳವನ್ನೂ ಅವರೇ ಒತ್ತಿದರು. ಮೊದಲು ಶೆಡ್ಡಿನ ತುದಿ, ಆಮೇಲೆ ನಡುಮನೆಯ ತುದಿ.

ನಾಲ್ಕಕ್ಕೆ ಏಳು ನಿಮಿಷ ಇರುವಾಗ ಲೇತ್ ತಿರುಗಿತು. "ಏನಾಯ್ತಮ್ಮೀ?" ಎಂದು ಚಿಕ್ಕಪ್ಪ ಕೂಗಿದರು.

"ಐತೆ! ನಿಂತೈತೆ! ಮರದ ಚೂರು ಹಾರೋದೂ ಕಾಣ್ತೈತೆ!"

ನಾನು ಹಿತ್ತಲಲ್ಲೇ ಕುಣಿದೆ. ಟೈಲರ್ ನನ್ನನ್ನು ಹಿಡಿದು ನಿಲ್ಲಿಸಿದ್ದು ನೆನಪಿದೆ.

ಅಂಗಡಿಯವಳು ಸರಿಯಾಗಿ ನಾಲ್ಕಕ್ಕೆ ಶೆಡ್ಡಿನ ಕಂಪ್ಯೂಟರಿನಲ್ಲಿ ಬಂದಳು. ಚಿಕ್ಕಪ್ಪ ತಿರುಗುವ ಮರಕ್ಕೆ ಹಳದಿ ಅರಗಿನ ಕಡ್ಡಿ ಒತ್ತಿದರು. ಬಣ್ಣ ಕರಗಿ ಹಬ್ಬಿತು. ತಾಳೆಗರಿ ಹಿಡಿದರು, ಹೊಳಪು ಬಂತು. ಅವಳು ಕೈಯನ್ನು ಹತ್ತಿರ ತೋರಿಸಲು ಹೇಳಿದಳು. ಚಿಕ್ಕಪ್ಪ ಹಳದಿ ಹತ್ತಿದ ಹೆಬ್ಬೆರಳನ್ನು ಕ್ಯಾಮೆರಾಕ್ಕೆ ಹಿಡಿದರು. ಅವಳು ನಕ್ಕು ಇಂಗ್ಲಿಷಿನಲ್ಲಿ ಏನೋ ಅಂದಳು.

"ಏನಂತ್ಲಾ?" ಚಿಕ್ಕಪ್ಪ ಕೇಳಿದರು.

"ಸೋಮವಾರ ಎಲ್ಲೂ ಹೋಗಬೇಡಿ ಅಂತೆ," ಅಂದೆ. ಅವಳ ಮಾತು ಹಾಗಿರಲಿಲ್ಲ, ಅರ್ಥ ಅದೇ.

ಚಿಕ್ಕಪ್ಪ ಈಗಿಲ್ಲ. ಅಂದು ಹಿತ್ತಲಲ್ಲಿದ್ದ ಟೈಲರ್ ಇದ್ದಾರೆ, ಕಣ್ಣು ಮಂಜಾಗಿ ಹೊಲಿಗೆ ಮೆಷಿನ್ ಬಿಟ್ಟಿದ್ದಾರೆ. ನಡುಮನೆಯಲ್ಲಿ ಕೂತು ಚಿತ್ರ ಕಂಡ ಚಿಕ್ಕಮ್ಮ ಇದ್ದಾರೆ. ಅವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.