ಹೆಂಡದಂಗಡಿ ಎದುರಿನ ಮಾರಮ್ಮ

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳವು. ಮದ್ದೂರಿನಲ್ಲಿ ಹೆಂಡದಂಗಡಿಗಳ ಹರಾಜು ಮುಗಿದ ಮೇಲೆ ಕೊಪ್ಪದ ಪಕ್ಕದ ನಮ್ಮೂರಿಗೆ ಹೊಸ ಕಂಟ್ರಾಕ್ಟುದಾರ ಬಂದ. ಬಂದವನು ಅಂಗಡಿ ಎಲ್ಲಿ ಹಾಕಿದ ಅನ್ನುತ್ತೀರಿ? ಸಿಹಿನೀರಿನ ಬಾವಿಗೆ ಹೋಗುವ ದಾರಿಯಲ್ಲಿ. ಊರಿನ ಹೆಂಗಸರಿಗೆಲ್ಲ ಅದೊಂದೇ ದಾರಿ. ಕುಡಿದವರು ಬದುವಿನ ಮೇಲೆ ಸಾಲಾಗಿ ಕೂತು, ತಲೆ ಮೇಲಿನ ಬಿಂದಿಗೆಗೆ ಎರಡೂ ಕೈ ಕೊಟ್ಟವರನ್ನೇ ಆರಿಸಿ ಕೆಣಕುತ್ತಿದ್ದರು. ಸರ್ಕಾರ ಲೈಸೆನ್ಸು ಕೊಟ್ಟಿದ್ದು ಅಂಗಡಿಗಲ್ಲ, ತಮಗೇ ಎಂಬ ಧೈರ್ಯ ಅವರದು.

ಒಂದು ಸಂಜೆ ಕೆಳಗಿನ ಬೀದಿಯವನೊಬ್ಬ, ನಮ್ಮ ಜಾತಿಯವನೇ, ನಮ್ಮಕ್ಕನ ಸೆರಗು ಹಿಡಿದೆಳೆದ. ಅವನನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಅಪ್ಪ ಅಕ್ಕನನ್ನೇ ಕೇಳಿದ, "ಅಷ್ಟೊತ್ನಲ್ಲಿ ಯಾಕ್ ಓಗಿದ್ದೆ?" ನೀರು ತರಲು ಹೋಗಿದ್ದು ನಿನಗೇ ತಾನೇ ಅನ್ನುವಷ್ಟು ಬಾಯಿ ಆಗ ನನಗಿರಲಿಲ್ಲ. ಮಳವಳ್ಳಿ ಕಡೆಯವರು ಅಕ್ಕನನ್ನು ನೋಡಿ ಒಪ್ಪಿದ್ದರು. ಅಂಗಡಿ ಅಲ್ಲೇ ಇದ್ದರೆ ಇಂಥದ್ದು ಮತ್ತೆ ನಡೆದು ಅವರ ಕಿವಿಗೆ ಬೀಳುತ್ತದೆ, ಸಂಬಂಧ ಮುರಿಯುತ್ತದೆ ಎಂದು ನಮಗೆ ಹೆದರಿಕೆ.

ದೇವಸ್ಥಾನದ ಹತ್ತಿರ ಅಂಗಡಿ ಇಡುವಂತಿಲ್ಲ, ಹಾಗೊಂದು ರೂಲಿದೆ ಎಂದರು ಶಾನುಭೋಗರು. ಹೆಂಗಸರೆಲ್ಲ ಸೇರಿ ಅಂಗಡಿ ಎದುರಿನ ಬೇವಿನ ಮರದಡಿ ಒಂದು ಕಲ್ಲು ನೆಟ್ಟೆವು. ಅರಿಶಿನ ಬಳಿದು, ಕುಂಕುಮವಿಟ್ಟು, ಮಾರಮ್ಮ ಎಂದೆವು. ಅರ್ಜಿಗೆ ಹೆಬ್ಬೆಟ್ಟು ಒತ್ತಿ ಕಳಿಸಿದೆವು.

ಅಬಕಾರಿ ಇನ್ಸ್‌ಪೆಕ್ಟರು ಬಂದರು. ಕಂಟ್ರಾಕ್ಟುದಾರ ಕೊಟ್ಟ ಎಳನೀರು ಕುಡಿದು, ಕಲ್ಲಿನ ಮುಂದೆ ನಿಂತು ನಮ್ಮಜ್ಜಿಯನ್ನು ಕೇಳಿದರು, "ಏನಮ್ಮ, ಈ ತಾಯಿಗೆ ಎಡೆ ಏನಿಡ್ತೀರಿ?"

ಕಲ್ಲು ತಲೆತಲಾಂತರದ್ದೆಂದು ಸುಳ್ಳು ಹೇಳಲು ಒಪ್ಪಿ ಬಂದಿದ್ದವಳು ಅಜ್ಜಿ. ಆದರೆ ನಾವೇ ನೆಟ್ಟ ಕಲ್ಲು ಅಷ್ಟರಲ್ಲಿ ಅವಳಿಗೆ ನಿಜವಾಗಿ ತಾಯಿಯಾಗಿಬಿಟ್ಟಿತ್ತು. ತಾಯಿಯ ಎದುರು ಹಣ್ಣುಕಾಯಿ ಎಂದು ಸುಳ್ಳಾಡಲು ಅಂಜಿ, ಕೈ ಮುಗಿದುಕೊಂಡೇ ಹೇಳಿದಳು, "ಕೋಳಿ ಕುಯ್ತೀವಿ ಬುದ್ಧಿ. ಎಂಡ ಚೆಲ್ತೀವಿ."

ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದ್ರೆ ಅಂಗಡಿ ತಾಯಿಗೆ ಹತ್ತಿರವೇ ಇರಲಿ ಬಿಡಿ. ಭಕ್ತರಿಗೆ ನಡೆಯೋದು ತಪ್ಪುತ್ತೆ."

ಅಂಗಡಿ ಅಲ್ಲೇ ಉಳಿಯಿತು. ಕುಡುಕರಿಗಂತೂ ಹಬ್ಬ. ಕಲ್ಲಿಗೆ ನಾಲ್ಕು ಹನಿ ಚೆಲ್ಲಿ, ಮೈಮೇಲೆ ಮಾರಮ್ಮ ಬಂದಳೆಂದು ಕುಣಿಯುತ್ತ ಹೆಂಗಸರ ಮೇಲೆ ಬೀಳುತ್ತಿದ್ದರು. ಬೈದರೆ ದೇವರನ್ನೇ ಬೈದಂತೆ.

ಅಜ್ಜಿಯ ಮಾತು ಸಂತೆಯಿಂದ ಸಂತೆಗೆ ನಗೆಯಾಗಿ ಹರಡಿತು. ಅದರ ಜೊತೆ ಅಕ್ಕನ ಸೆರಗಿನ ಸುದ್ದಿಯೂ ಮಳವಳ್ಳಿ ಮುಟ್ಟಿತು. ಅವರು ಬೇಡವೆಂದು ಹೇಳಿ ಕಳಿಸಿದರು. ಊರ ಹಿರಿಯರು ನಮ್ಮ ಜಗಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಅಪ್ಪನಿಗೆ ನ್ಯಾಯ ಹೇಳಿದರು. "ಸೆರಗು ಇಡ್ದೋನ್ಗೇ ಕೊಟ್ಬುಡು ಕಣ್ಲಾ. ಬ್ಯಾರೆ ಯಾರ್ ಮಾಡ್ಕಂಡಾರು?" ಅಪ್ಪ ಹೂಂ ಎಂದ. ಅವರ ನಾಲಿಗೆ ಸೇದಿಹೋಗಲಿ ಎಂದು ಶಾಪ ಹಾಕಿದೆ. ಎಲ್ಲರೂ ತುಂಬು ಆಯಸ್ಸು ಬದುಕಿದರು.

ಮದುವೆಯಾದ ತಿಂಗಳಿಗೆ ಅಕ್ಕ ಬಾವಿಯ ಹತ್ತಿರ ಸಿಕ್ಕಳು. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ನಾನು ಅಳತೊಡಗಿದೆ. ಅವಳು ನೀರು ಸೇದುತ್ತಲೇ ಅಂದಳು, "ಅಳಬ್ಯಾಡ ಕಣಮ್ಮಿ. ಈಗ ದಾರೀಲಿ ನನ್ನ ಯಾರೂ ಮುಟ್ಟಕ್ಕಿಲ್ಲ."