ಅಕ್ಕಿ ಡಬ್ಬದೊಳಗಿಂದ ಬಂದ ದನಿ

ಹೋದ ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ನಮ್ಮ ಮನೆಯವರು ಕಾಫಿ ಬೀಜ ಹುರಿಯುತ್ತಾ ನಿಂತಿದ್ದವರು, ಡ್ರಮ್ಮು ತಿರುಗಿಸುವ ಕೈ ನಿಲ್ಲಿಸಿ, “ಗೌರೀ, ಬಾ ಇಲ್ಲಿ. ಈ ಬಾಗಿಲಿಗೆ ಕರಿ ಪರದೆ ಕಟ್ಟಿದ್ದು ಯಾರು?” ಅಂದರು. ಬಾಗಿಲಿಗೆ ಯಾರೂ ಏನೂ ಕಟ್ಟಿರಲಿಲ್ಲ. ಪರದೆ ಇಳಿದಿದ್ದು ಅವರ ಬಲಗಣ್ಣಿನಲ್ಲಿ.

ಕಳಸದಲ್ಲಿ ನಮ್ಮದೊಂದು ಕಾಫಿಪುಡಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹುರಿಯುವುದು ಅವರ ಕೆಲಸ, ಪುಡಿ ಮಾಡಿ ಪೊಟ್ಟಣ ಕಟ್ಟುವುದು ನನ್ನದು. ಅವರು ಗಡಿಯಾರ ನೋಡಿ ಹುರಿಯುವವರಲ್ಲ. ಬೀಜದ ಬಣ್ಣ ನೋಡುತ್ತಾ ನಿಂತು, ಒಂದು ಗಳಿಗೆಯಲ್ಲಿ “ಇಳಿಸು” ಅನ್ನುತ್ತಾರೆ. ಅಷ್ಟೇ, ಇಳಿಸಿಬಿಡಬೇಕು. ನೀರು ಕುಡಿದು ಬರುವಷ್ಟು ತಡ ಮಾಡಿದರೂ ಆ ಪುಡಿ ಬೇರೆಯೇ ಆಗಿಬಿಡುತ್ತದೆ. ಅವರ ಎಡಗಣ್ಣಿಗೆ ಚಿಕ್ಕಂದಿನಲ್ಲೇ ಪೆಟ್ಟು ಬಿದ್ದು ಮಂಜು ಕವಿದಿತ್ತು. ಕೆಲಸಕ್ಕೆ ಇದ್ದದ್ದು ಬಲಗಣ್ಣು ಒಂದೇ.

ಮಂಗಳವಾರ ಮೊದಲನೇ ಬಸ್ಸಿಗೆ ಹೊರಟೆವು. ಕುದುರೆಮುಖದ ಖಾಲಿ ಕ್ವಾರ್ಟರ್ಸ್ ದಾಟಿ ಘಟ್ಟ ಇಳಿಯುವಾಗ ಅವರು ಕಿಟಕಿ ಕಡೆ ಮುಖ ಮಾಡಿ, “ಬಿಸಿಲು ಉಂಟಾ ಗೌರಿ?” ಅಂತ ಕೇಳಿದರು. ಬಿಸಿಲು ಅವರ ಮುಖದ ಮೇಲೇ ಬಿದ್ದಿತ್ತು. ನಾನು “ಉಂಟು” ಅಂದೆ.

ಮಂಗಳೂರಿನ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. “ಕಣ್ಣಿನ ಒಳಗಿನ ಪದರ ಗೋಡೆ ಬಿಟ್ಟು ಕಳಚಿಕೊಂಡಿದೆ. ಬರೋ ಸೋಮವಾರದೊಳಗೆ ಆಪರೇಷನ್ ಆಗಬೇಕು. ಆಮೇಲೆ ಬಂದರೆ ನನ್ನ ಕೈಯಲ್ಲಿ ಏನೂ ಇರೋದಿಲ್ಲ” ಅಂದರು. ಅವರು ಹೇಳಿದ ಖರ್ಚಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನಮ್ಮ ಹತ್ತಿರ ಇತ್ತು. ಮಿಕ್ಕಿದ್ದಕ್ಕೆ ದಾರಿ ಕಾಣಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲೇ ಅವರು, “ದೊಡ್ಡ ಮಷೀನು ಕೊಟ್ಟುಬಿಡೋಣ” ಅಂದರು. ನಮ್ಮಲ್ಲಿ ಪುಡಿ ಮಾಡುವ ಮಷೀನು ಎರಡು. ಚಿಕ್ಕದು ಅತ್ತೆಯವರ ಕಾಲದ್ದು. ದೊಡ್ಡದು ನಾಲ್ಕು ವರ್ಷದ ಕೆಳಗೆ ಅವರು ಆಸೆಪಟ್ಟು ತಂದದ್ದು. ತಂದ ದಿನ ಅದಕ್ಕೆ ಕುಂಕುಮ ಹಚ್ಚಿ, ಮಗುವಿನ ಹಾಗೆ ತಟ್ಟಿದ್ದರು.

ಚಿಕ್ಕಮಗಳೂರಿನಲ್ಲಿರುವ ನಮ್ಮ ಮಗಳು ವಿದ್ಯಾ ಅದರ ಫೋಟೋ ತರಿಸಿಕೊಂಡು ಮೊಬೈಲಿನಲ್ಲಿ ಹಳೇ ಸಾಮಾನು ಮಾರುವ ಕಡೆ ಹಾಕಿದಳು. ನಲವತ್ತು ಸಾವಿರ ಅಂತ ಬರೆದಳು. ತನ್ನ ಕೈಲಾದಷ್ಟು ದುಡ್ಡು ನನ್ನ ಖಾತೆಗೂ ಹಾಕಿದಳು. ನಮ್ಮ ಉಳಿತಾಯವೂ ಅದೇ ಖಾತೆಯಲ್ಲಿ ಇತ್ತು. ಅಂಗಡಿಯ ಲೇವಾದೇವಿ ಎಲ್ಲ ನಮ್ಮ ಮನೆಯವರದೇ. ನನ್ನ ಫೋನಿನಲ್ಲಿ ದುಡ್ಡಿನ ಕೆಲಸ ಶುರುವಾದದ್ದು ಅವರ ಕಣ್ಣಿಗೆ ಹೀಗಾದ ಮೇಲೆ.

“ಯಾರಾದ್ರೂ ಫೋನ್ ಮಾಡಿದ್ರೆ ಮೊದ್ಲು ನನ್ನ ಕೇಳಮ್ಮ” ಅಂದಿದ್ದಳು. ಕೇಳಬೇಕಿತ್ತು.

ಗುರುವಾರ ಮಧ್ಯಾಹ್ನ ಒಬ್ಬ ಫೋನ್ ಮಾಡಿದ. ಏನು ನಯ, ಏನು ವಿನಯ! “ಅಮ್ಮಾ, ಮೂಡಿಗೆರೆ ಹತ್ತಿರ ಹೋಂಸ್ಟೇ ಶುರು ಮಾಡ್ತಿದ್ದೀವಿ. ನಿಮ್ಮ ಮಷೀನು ನಮಗೇ ಬೇಕು. ನಾಳೆ ಗಾಡಿ ಕಳಿಸ್ತೀನಿ, ದುಡ್ಡು ಈಗಲೇ ಹಾಕ್ತೀನಿ” ಅಂದ. ಮಷೀನು ಎಷ್ಟು ಹಳೇದು, ಎಷ್ಟು ಕೆಜಿ ಪುಡಿ ಮಾಡುತ್ತೆ ಅಂತ ಕೇಳಲಿಲ್ಲ. ಐನೂರು ಇಳಿಸಿ ಅನ್ನಲಿಲ್ಲ. ನಾನು ಬಾಯಿ ತಪ್ಪಿ, ನಾವು ಹೊರನಾಡಿನ ಅಮ್ಮನಿಗೆ ನಡೆದುಕೊಳ್ಳುವವರು, ಇವರ ಕಣ್ಣಿನ ಆಪರೇಷನ್ನಿಗೆ ಅಂತ ಮಾರುತ್ತಿದ್ದೇವೆ ಅಂದೆ. “ಅಯ್ಯೋ, ನಾವೂ ಅಮ್ಮನ ಒಕ್ಕಲೇ! ನೋಡಿ, ಅವಳೇ ನನ್ನ ಕೈಲಿ ಫೋನ್ ಮಾಡ್ಸಿದ್ದು” ಅಂದುಬಿಟ್ಟ. ನನ್ನ ಕಣ್ಣು ತುಂಬಿ ಬಂತು. ಆಪರೇಷನ್ ಆಯಿತು ಅಂತಲೇ ಅಂದುಕೊಂಡೆ.

ಅವನೊಂದು ಚೌಕದ ಚಿತ್ರ ಕಳಿಸಿದ. ಅಂಗಡಿ ಗೋಡೆಗೆ ಅಂಟಿಸಿರುತ್ತಾರಲ್ಲ, ಅಂಥದ್ದೇ. ಫೋನ್ ಇಡಬೇಡಿ, ಸ್ಪೀಕರಿಗೆ ಹಾಕಿ ಅಂದ; ಇದನ್ನು ಒತ್ತಿ, ಅದನ್ನು ಒತ್ತಿ ಅಂದ. ಅವನು ಹೇಳಿದ ಹಾಗೆಲ್ಲ ಒತ್ತಿದೆ. ಪರದೆಯ ಮೇಲೆ ನಲವತ್ತು ಸಾವಿರ ಅಂತ ದಪ್ಪ ಅಂಕಿ ಬಂತು. “ಬಂತಾ ಅಮ್ಮ? ದುಡ್ಡು ನಿಮ್ಮ ಫೋನಿಗೆ ಬಂದಹಾಗೇ. ಇನ್ನು ನಿಮ್ಮ ಪಿನ್ ಹಾಕಿದ್ರೆ ಖಾತೆಗೆ ಇಳಿಯುತ್ತೆ” ಅಂದ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಹೊರನಾಡಿನಿಂದ ಪ್ರಸಾದವಾಗಿ ತಂದ ಅಕ್ಕಿಯನ್ನು ಮನೆಯ ಅಕ್ಕಿಗೆ ಬೆರೆಸುವುದು ನಿಮಗೆಲ್ಲ ಗೊತ್ತಿದ್ದದ್ದೇ. ನಮ್ಮ ಅತ್ತೆಯವರು ಅದರ ಮೇಲೆ ತಮ್ಮದೇ ಒಂದು ಕಟ್ಟು ಮಾಡಿದ್ದರು. ಮನೆಗೆ ದೊಡ್ಡ ದುಡ್ಡು ಏನು ಬಂದರೂ ಮೊದಲು ಆ ಅಕ್ಕಿ ಡಬ್ಬದಲ್ಲಿ ಇಡಬೇಕು. ಅಮ್ಮನಿಗೆ ತೋರಿಸಿ, ಕೈ ಮುಗಿದು, ಆಮೇಲೆ ತೆಗೆದು ಖರ್ಚಿಗೆ ಮುಟ್ಟಬೇಕು. ಅವರು ತೀರಿಕೊಂಡು ಹನ್ನೊಂದು ವರ್ಷವಾದರೂ ನಾನದನ್ನು ತಪ್ಪಿಸಿಲ್ಲ. ನೋಟು ಇಟ್ಟಿದ್ದೇನೆ, ಚೆಕ್ಕು ಇಟ್ಟಿದ್ದೇನೆ. ಈಗ ದುಡ್ಡು ಫೋನಿನಲ್ಲಿ ಬಂದಿದೆ.

“ಒಂದು ನಿಮಿಷ ತಡಿ ತಮ್ಮ, ಅಕ್ಕಿಗೆ ಇಟ್ಟು ತೆಗೀತೀನಿ” ಅಂದೆ.

“ಏನು? ಎಲ್ಲಿಗೆ?” ಅಂದ.

ಉತ್ತರ ಕೊಡುವ ತಾಳ್ಮೆ ನನಗಿರಲಿಲ್ಲ. ಕೈಕಾಲು ತೊಳೆದು, ಡಬ್ಬದ ಮುಚ್ಚಳ ತೆಗೆದು, ಫೋನನ್ನು ಅಕ್ಕಿಯ ಮೇಲೆ ಮಲಗಿಸಿದೆ. ಅತ್ತೆಯವರು ಮಾಡುತ್ತಿದ್ದ ಹಾಗೆ ಒಂದು ಹಿಡಿ ಅಕ್ಕಿ ಅದರ ಮೇಲೂ ಸುರಿದೆ. ದೀಪಕ್ಕೆ ಎಣ್ಣೆ ಬಿಟ್ಟೆ, ಬತ್ತಿ ಹೊಸೆದೆ. ಅತ್ತ ಡಬ್ಬದೊಳಗಿಂದ ಅವನು ಕೂಗುತ್ತಿದ್ದ: “ಅಮ್ಮಾ... ಪಿನ್ ಹಾಕಿ ಅಮ್ಮಾ... ಹಲೋ... ಟೈಮ್ ಆಗೋಗುತ್ತೆ, ಬೇಗ...”

ಪಕ್ಕದ ಕೋಣೆಯಲ್ಲಿ ಮಲಗಿದ್ದ ನಮ್ಮ ಮನೆಯವರು ಗೋಡೆ ಹಿಡಿದುಕೊಂಡು ಬಂದರು. “ಗೌರೀ, ಅಡುಗೆಮನೆಯಲ್ಲಿ ಯಾವ ಗಂಡಸಿನ ದನಿ ಅದು?”

“ಮಷೀನು ತಗೊಂಡೋರು. ಅಕ್ಕಿ ಡಬ್ಬದಲ್ಲಿದ್ದಾರೆ” ಅಂದೆ.

“ಅಕ್ಕಿ ಡಬ್ಬದಲ್ಲಾ!”

“ದುಡ್ಡು ಬಂತಲ್ಲ, ಅದಕ್ಕೆ ಫೋನನ್ನೇ ಇಟ್ಟಿದ್ದೀನಿ.”

“ಬಂತಾ? ಬ್ಯಾಂಕಿಂದ ಮೆಸೇಜು ಬಂತಾ?”

“ಇಲ್ಲ, ಪಿನ್ ಹಾಕಿದ್ಮೇಲೆ ಬರ್ತದಂತೆ.”

ಅವರು ಗೋಡೆ ತಡವುತ್ತಾ ಡಬ್ಬದ ಹತ್ತಿರ ಬಂದರು. ಆಮೇಲೆ ನಿಧಾನಕ್ಕೆ, “ಅಮ್ಮನ ಅಕ್ಕಿಗೆ ಇಡೋದು ಬಂದ ದುಡ್ಡನ್ನ ಕಣೇ. ಬರೋ ದುಡ್ಡನ್ನ ನಮ್ಮವ್ವ ಒಂದಿನಾದ್ರೂ ಇಟ್ಟಿದ್ಲಾ? ಬರದೇ ಇರೋದನ್ನ ತೋರಿಸಿ ಅಮ್ಮನ ಹತ್ರ ಸುಳ್ಳು ಹೇಳ್ತಿದ್ದೀಯಲ್ಲ” ಅಂದರು.

ನನ್ನ ಕೈಯಲ್ಲಿದ್ದ ಬತ್ತಿ ಹಾಗೇ ನಿಂತಿತು. ಅದೇ ಹೊತ್ತಿಗೆ ಡಬ್ಬದೊಳಗಿನ ವಿನಯ ಮುಗಿದುಹೋಗಿತ್ತು. “ಏಯ್ ಮುದುಕಿ! ಸತ್ತೋದ್ಯಾ? ಪಿನ್ ಹಾಕೇ!”

ಅಂಗಡಿಯಲ್ಲಿ ಪುಡಿಗೆ ಕಾದು ನಿಂತಿದ್ದ, ಎದುರಿನ ಬಳೆ ಅಂಗಡಿಯ ಶಾಂತಕ್ಕ ಬಾಗಿಲು ದೂಡಿ ಒಳಗೇ ಬಂದಳು. ನಮ್ಮ ಮನೆಯವರು ಅಕ್ಕಿಗೆ ಕೈ ಹಾಕಿ ತಡಕಾಡಿ ಫೋನ್ ತೆಗೆದು, ಕಾಣದ ಕಣ್ಣಿನ ಹತ್ತಿರ ಹಿಡಿದುಕೊಂಡು, “ಕೊಡೋಕೆ ಬಂದವರು ಯಾರೂ ಬೈಯೋದಿಲ್ಲ ಮಾರಾಯ. ಇಡು ಫೋನು” ಅಂದರು. ಶಾಂತಕ್ಕ ಅದನ್ನು ಕಸಿದು, ಕರೆ ಕಡಿದು, ಫೋನನ್ನೇ ಆರಿಸಿದಳು.

ಆಮೇಲೆ ವಿದ್ಯಾಗೆ ಫೋನ್ ಮಾಡಿದರೆ ಅವಳು ಅಳುವುದೋ ಬೈಯುವುದೋ ಗೊತ್ತಾಗದೆ ಎರಡನ್ನೂ ಮಾಡಿದಳು. “ಅಮ್ಮಾ, ದುಡ್ಡು ಬರೋಕೆ ಪಿನ್ ಬೇಡ. ಪಿನ್ ಹಾಕೋದು ಕೊಡೋರು ಮಾತ್ರ. ನಮ್ಮಂಗ್ಡೀಲಿ ಗಿರಾಕಿ ದುಡ್ಡು ಕೊಡುವಾಗ ಪಿನ್ ಒತ್ತೋದು ಯಾರು, ಅಪ್ಪನಾ ಗಿರಾಕಿನಾ?” ಅಂದಳು. ನಾನು ಪಿನ್ ಹಾಕಿದ್ದರೆ ಖಾತೆಯಲ್ಲಿದ್ದ ನಲವತ್ತು ಸಾವಿರ ಅವನಿಗೆ ಹೋಗುತ್ತಿತ್ತು. ಅದು ಬರೀ ದುಡ್ಡಲ್ಲ, ಇವರ ಕಣ್ಣು. ಅವಳೇ ಆ ನಂಬರನ್ನು ಸೈಬರ್ ಪೊಲೀಸರಿಗೆ ತಿಳಿಸಿದಳು.

ಹೋಗಲಿಲ್ಲ ಅನ್ನುವ ಸಮಾಧಾನ ಸಂಜೆಯ ತನಕವೂ ಉಳಿಯಲಿಲ್ಲ. ಉಳಿದದ್ದು ಉಳಿಯಿತು, ಬೇಕಾದದ್ದು ಬರಲಿಲ್ಲವಲ್ಲ. ಶುಕ್ರವಾರವಿಡೀ ಒಂದು ಫೋನೂ ಇಲ್ಲ. ಬಂದಿದ್ದರೂ ಎತ್ತುವ ಧೈರ್ಯ ನನಗಿರಲಿಲ್ಲ. ಅದರ ಮೇಲೆ ಶಾಂತಕ್ಕನ ಬಾಯಿ. ಅಂದು ಅವಳು ಬಳೆ ತರಲು ಮೂಡಿಗೆರೆಗೆ ಹೋಗಿದ್ದಳು. ಬಸ್ಸು ಹತ್ತಿದಾಗಿನಿಂದ ಇಳಿಯುವ ತನಕ ಇದನ್ನೇ ಹೇಳಿದಳಂತೆ. ಸಂಜೆ ಹಾಲು ತರಲು ಹೋದರೆ ಒಬ್ಬರು, “ಏನು ಗೌರಮ್ಮ, ಇವತ್ತು ಅಕ್ಕಿ ಡಬ್ಬದಲ್ಲಿ ಯಾರಿದ್ದಾರೆ?” ಅಂದರು. ಹಾಲು ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದೆ.

ಡಬ್ಬದ ಮುಂದೆ ಕೂತು ಅಮ್ಮನಿಗೆ ಅಂದೆ, “ನೀನು ಅನ್ನ ಕೊಡೋಳು. ಈ ಮನೆಯ ಅನ್ನ ಬೇಯೋದು ಅವರ ಕಣ್ಣಿಂದ. ಕಳ್ಳನನ್ನ ತಡೆದೆ, ದೊಡ್ಡದು. ಆದ್ರೆ ಅರ್ಧ ದಾರೀಲಿ ಕೈ ಬಿಡಬೇಡ ತಾಯಿ. ನಾನು ನಗೆಪಾಟಲಾದ್ರೂ ಪರವಾಗಿಲ್ಲ, ಅವರಿಗೆ ಬೆಳಕು ಕೊಡು.”

ಶನಿವಾರ ಹನ್ನೊಂದು ಗಂಟೆಗೆ ಅಂಗಡಿ ಮುಂದೆ ಒಂದು ಜೀಪು ನಿಂತಿತು. ಮೂವರು ಹೆಂಗಸರು ಇಳಿದರು. ಮುಂದಿದ್ದವಳು ಮೆಟ್ಟಿಲ ಮೇಲೇ ನಿಂತು, “ಫೋನಿಗೆ ಅಕ್ಕಿ ಹಾಕಿದ ಅಮ್ಮ ನೀವೇನಾ?” ಅಂದಳು.

ಬೀದಿಯಲ್ಲಿ ಆಡಿಕೊಂಡದ್ದು ಸಾಲದೆ ಜೀಪು ಮಾಡಿಕೊಂಡು ಬಂದರಲ್ಲ ಅಂತ ನನಗೆ ರೇಗಿತು. “ಹೌದು, ನಾನೇ. ನಕ್ಕು ಹೋಗೋದಾದ್ರೆ ಅಲ್ಲೇ ನಿಂತು ನಗಿ” ಅಂದೆ.

“ಅಯ್ಯೋ, ಹಾಗಲ್ಲಮ್ಮ!” ಅಂತ ಅವಳು ನನ್ನ ಕೈ ಹಿಡಿದುಕೊಂಡಳು. ಹೆಸರು ವಿಮಲಾ. ಮೂಡಿಗೆರೆ ಕಡೆ ಅವಳೂ ಹನ್ನೆರಡು ಹೆಂಗಸರೂ ಸಂಘ ಮಾಡಿಕೊಂಡು ಕಾಫಿಪುಡಿ ಮಾರಲು ಹೊರಟಿದ್ದಾರೆ. ಎರಡು ತಿಂಗಳಿಂದ ಮಷೀನು ಹುಡುಕುತ್ತಿದ್ದರು. ಅವರಿಗೂ ಒಬ್ಬ ಮಾರುವವನು ಬರೀ ಫೋಟೋ ತೋರಿಸಿ ಮುಂಗಡ ನುಂಗಿದ್ದನಂತೆ. ಬಸ್ಸಿನಲ್ಲಿ ಶಾಂತಕ್ಕನ ಕಥೆ ಕೇಳಿದಾಗ ಉಳಿದವರೆಲ್ಲ ನಕ್ಕರೆ ಅವಳು, “ಆ ಮಷೀನು ಇನ್ನೂ ಉಂಟಾ?” ಅಂತ ಕೇಳಿದಳಂತೆ. “ಬರದೇ ಇರೋ ದುಡ್ಡನ್ನ ದೇವರಿಗೂ ತೋರಿಸಬಾರದು ಅನ್ನೋ ಮನೆಯವರು ಸಾಮಾನಿನಲ್ಲಿ ಸುಳ್ಳು ಹೇಳೋದಿಲ್ಲ ಅನ್ನಿಸ್ತು. ಅದಕ್ಕೇ ಬಂದ್ವಿ” ಅಂದಳು.

ವ್ಯಾಪಾರ ಹೇಗಿರಬೇಕೋ ಹಾಗೇ ಆಯಿತು. ಮಷೀನು ಓಡಿಸಿ ನೋಡಿದರು. ಅರ್ಧ ಕೆಜಿ ಪುಡಿ ಮಾಡಿ ಬೆರಳಲ್ಲಿ ಉಜ್ಜಿದರು. ಬೆಲ್ಟು ಸವೆದಿದೆ ಅಂತ ನಾವೇ ಹೇಳಿದೆವು. ಅದಕ್ಕೆ ಎರಡು ಸಾವಿರ ಇಳಿಸಿಕೊಂಡರು. ಅವರು ಚೌಕಾಸಿ ಮಾಡಿದಾಗ ನನಗಾದ ಖುಷಿ ಹೇಳತೀರದು. ನಿಜವಾಗಿ ಕೊಳ್ಳುವವರು ಹೀಗಲ್ಲವೇ ಇರುವುದು! ನಮ್ಮ ಗೋಡೆಯ ಮೇಲಿನ ಚೌಕಕ್ಕೆ ವಿಮಲಾ ತನ್ನ ಫೋನು ಹಿಡಿದಳು, ತನ್ನ ಪಿನ್ನು ತಾನೇ ಒತ್ತಿದಳು. ಅಂಗಡಿಯಲ್ಲಿ ಜಮೆಯಾದದ್ದನ್ನು ಹೇಳುವ ಪೆಟ್ಟಿಗೆ ದೊಡ್ಡ ದನಿಯಲ್ಲಿ ದುಡ್ಡು ಬಂತೆಂದು ಕೂಗಿತು. ಅಷ್ಟಾದರೂ ಬ್ಯಾಂಕಿನ ಲೆಕ್ಕದಲ್ಲಿ ಕೂತಿದೆ ಅಂತ ಚಿಕ್ಕಮಗಳೂರಿನಿಂದಲೇ ವಿದ್ಯಾ ನೋಡಿ ಫೋನಿನಲ್ಲಿ ಹೇಳುವ ತನಕ ನಮ್ಮ ಮನೆಯವರು ಮಷೀನಿನ ಮೇಲಿಟ್ಟ ಕೈ ತೆಗೆಯಲಿಲ್ಲ. “ತೆಗೀಬೇಡಿ ಅಣ್ಣ, ನಾವು ಕಾಯ್ತೀವಿ” ಅಂದಳು ವಿಮಲಾ. ಹೊರಡುವ ಮುಂಚೆ ನೂರರ ಒಂದು ನೋಟು ನನ್ನ ಕೈಗಿಟ್ಟು, “ಇದು ಅಕ್ಕಿಗೆ. ಇದಂತೂ ಬಂದದ್ದೇ” ಅಂದಳು. ನಾವಿಬ್ಬರೂ ನಕ್ಕು ನಕ್ಕು ಅತ್ತೆವು.

ಸೋಮವಾರ ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿ ತುಂಬಿದ್ದಾರೆ, ಅದು ಕರಗುವ ತನಕ ಘಟ್ಟ ಹತ್ತಬಾರದು ಅಂದರು. ಕಾರ್ಕಳದ ನಾದಿನಿ ಮನೆಯಲ್ಲಿ ಅವರು ಮೂರು ವಾರ ಮುಖ ಕೆಳಗೆ ಹಾಕಿ ಮಲಗಿದ್ದರು. “ನೆಲದ ಮೇಲಿರೋ ಇರುವೆಗಳ ಹೆಸರೆಲ್ಲ ಕೇಳ್ಕೊಂಡಿದ್ದೀನಿ” ಅನ್ನುತ್ತಿದ್ದರು. ಆಗಲೇ ನನಗೆ ತಿಳಿಯಿತು, ಇರುವೆ ಕಾಣುತ್ತಿದೆ ಅಂತ.

ಕಳಸಕ್ಕೆ ಬಂದ ಮಾರನೇ ದಿನ ಇಬ್ಬರೂ ಹೊರನಾಡಿಗೆ ಹೋಗಿ, ಅಮ್ಮನ ಮುಂದೆ ನಿಂತು, ಪಂಕ್ತಿಯಲ್ಲಿ ಕೂತು ಊಟ ಮಾಡಿ, ಹಿಡಿ ಅಕ್ಕಿ ಸೆರಗಿನಲ್ಲಿ ಕಟ್ಟಿಕೊಂಡು ಬಂದೆವು. ಅಮ್ಮ ನನಗೆ ಕನಸಿನಲ್ಲಿ ಬರಲಿಲ್ಲ, ಹೂ ಕೊಡಲಿಲ್ಲ. ಅವಸರ ಮಾಡುವವನ ಎದುರು ನನ್ನನ್ನು ಐದು ನಿಮಿಷ ನಿಧಾನ ಮಾಡಿಸಿದಳು. ನೀವೂ ಮನೆಯ ಸಾಮಾನು ಮಾರುವಾಗ, ಫೋನಿನಲ್ಲಿ ಯಾರಾದರೂ ಬೇಗ ಬೇಗ ಅಂದರೆ, ಅವನನ್ನು ಕಾಯಿಸಿ ದೀಪಕ್ಕೆ ಎಣ್ಣೆ ಬಿಡಿ. ಬರುವ ದುಡ್ಡಿಗೆ ಪಿನ್ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೊಳ್ಳುವವರು ಬಂದು ನೋಡಲಿ, ದುಡ್ಡು ಖಾತೆಯಲ್ಲಿ ಕೂರಲಿ, ಆಮೇಲೆ ಸಾಮಾನು ಮೆಟ್ಟಿಲು ಇಳಿಯಲಿ. ಮೋಸ ಹೋಗುವುದರಲ್ಲಿದ್ದೆ ಅಂತ ಹೇಳಲು ನಾಚಬೇಡಿ. ನಾನು ಮುಚ್ಚಿಟ್ಟಿದ್ದರೆ ವಿಮಲಾ ಬರುತ್ತಿರಲಿಲ್ಲ.

ಹೊರನಾಡಿನಿಂದ ಬಂದ ಸಂಜೆಯೇ ಅವರು ಡ್ರಮ್ಮಿಗೆ ಬೆಂಕಿ ಹಾಕಿದರು. ನಾನು ಪಕ್ಕದಲ್ಲಿ ನಿಂತೆ. ಬೀಜ ಹಳದಿಯಾಯಿತು, ಕಂದಾಯಿತು, ಚಟಪಟ ಅಂದಿತು. ನನಗಂತೂ ಎಲ್ಲ ಬಣ್ಣವೂ ಒಂದೇ. ಅವರು ಬಗ್ಗಿ ನೋಡಿದರು. ಮತ್ತೆ ನೋಡಿದರು.

“ಗೌರೀ, ಇಳಿಸು” ಅಂದರು.

ಇಳಿಸಿದೆ. ಅದೇ ಬಣ್ಣ, ಅದೇ ವಾಸನೆ. ಆ ಬಿಸಿ ಬೀಜದಲ್ಲೇ ಒಂದು ಹಿಡಿ ತೆಗೆದು, ಒಳಗೆ ಹೋಗಿ, ಅಕ್ಕಿ ಡಬ್ಬದ ಮುಂದೆ ಇಟ್ಟು ಕೈ ಮುಗಿದೆ. ಇದು ಬಂದದ್ದು ತಾಯಿ, ಅಂದೆ.